ಕೂಡಿಹಾಕಿದ ಮನೆಯಿಂದ ಬಂದ ದೊಡ್ಡ ನಾಯಿಗಳು

ಸಾಕಲಾಗದಷ್ಟು ನಾಯಿಗಳನ್ನು ಒಂದೇ ಮನೆಯಲ್ಲಿ ಕೂಡಿಹಾಕಿಕೊಳ್ಳುವವರಲ್ಲಿ ಅನೇಕರಿಗೆ ಪ್ರಾಣಿಗಳ ಮೇಲೆ ನಿಜವಾದ ಮಮತೆ ಇರುತ್ತದೆ. ಅವುಗಳ ಸ್ಥಿತಿ ಹದಗೆಟ್ಟಿರುವುದು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಅತಿಸಂಗ್ರಹವನ್ನು, ಅಂದರೆ ಮಿತಿಮೀರಿ ಕೂಡಿಹಾಕುವ ಗೀಳನ್ನು, ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಮಾನಸಿಕ ಕಾಯಿಲೆಯಾಗಿ ಸೇರಿಸಿತು. ಅಂಥ ಮನೆಯಿಂದ ಬಿಡಿಸಿ ತಂದ ಗ್ರೇಟ್ ಡೇನ್, ಮಾಸ್ಟಿಫ್, ಸೇಂಟ್ ಬರ್ನಾರ್ಡ್ ತಳಿಯ ದೊಡ್ಡ ನಾಯಿಗಳಿಗೆ ಮಂಗಳೂರು, ಉಡುಪಿಯ ಕಡೆ ಮನೆ ಹುಡುಕುವಾಗ, ಕೇಳಿ ಬಂದವರಿಗೆ ನಾಯಿಯ ಮೇಲೆ ಪ್ರೀತಿ ಇದ್ದೇ ಇರುತ್ತದೆಂದು ಇಟ್ಟುಕೊಂಡು, ಅವರ ಮನೆಯ ನೆಲ, ಸೆಕೆ ಮತ್ತು ಅಲ್ಲಿ ಮೊದಲೇ ಇರುವ ನಾಯಿಯ ಬಗ್ಗೆ ವಿಚಾರಿಸುವುದು ಹೆಚ್ಚು ಉಪಯುಕ್ತವೆಂದು ನಾನು ನಂಬುತ್ತೇನೆ.

ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 12ರಿಂದ 14ನೇ ವಾರದವರೆಗೆ ಯಾವುದನ್ನು ಕಂಡು, ಕೇಳಿ, ಮೂಸಿರುತ್ತದೆಯೋ ಅದನ್ನು ಮುಂದೆ ಸಹಜವೆಂದು ಒಪ್ಪಿಕೊಳ್ಳುತ್ತದೆ. ಕಿಕ್ಕಿರಿದ ಕೊಠಡಿಯಲ್ಲೇ ಆ ದಿನಗಳನ್ನು ಕಳೆದ ನಾಯಿಗೆ ನಾಯಿಗಳ ಗುಂಪಷ್ಟೇ ಗೊತ್ತು. ಕುಕ್ಕರಿನ ಸೀಟಿ, ಮೆಟ್ಟಿಲು, ಕುತ್ತಿಗೆಯ ಪಟ್ಟಿ, ಜಾತ್ರೆಯ ಗರ್ನಾಲು ಎಲ್ಲವೂ ಅಪರಿಚಿತ. ಇಂಥ ನಾಯಿಗಳಲ್ಲಿ ಹೆದರಿಕೆ ಹಾಗೂ ಮುಟ್ಟಿದರೆ ಬೆಚ್ಚುವ ಸ್ವಭಾವ ಹೆಚ್ಚಾಗಿಯೂ, ಹೊಸಬರ ಮೇಲೆ ಎರಗುವ ಸ್ವಭಾವ ಕಡಿಮೆಯಾಗಿಯೂ ಇರುವುದನ್ನು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗಿದ್ದರೂ ಐವತ್ತು ಕಿಲೋ ತೂಕದ ಪ್ರಾಣಿ ಬೆದರಿ ನುಗ್ಗಿದರೆ ದೊಡ್ಡವರೂ ಬೀಳುತ್ತಾರೆ, ಆದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಆತುರಪಟ್ಟು ಕೊಡಬಾರದು. ಸಮಾಧಾನದ ಸ್ವಭಾವದ ಇನ್ನೊಂದು ನಾಯಿ ಮನೆಯಲ್ಲಿದ್ದರೆ, ಹೊಸದು ಅದರ ಹಿಂದೆಯೇ ನಡೆದು, ಅದು ಅನ್ನ ತಿನ್ನುವ ಕಡೆ ತಾನೂ ತಿಂದು, ಮನುಷ್ಯರ ಕೈಗೆ ಹೆದರಬೇಕಾಗಿಲ್ಲವೆಂಬುದನ್ನು ನಿಧಾನವಾಗಿ ಅದರಿಂದಲೇ ಕಲಿಯುತ್ತದೆ.

ಸಿಮೆಂಟಿನ ಮೇಲೆ ವರ್ಷಗಟ್ಟಲೆ ಮಲಗಿದ ದೊಡ್ಡ ನಾಯಿಯ ಮೊಣಕೈಯಲ್ಲಿ ಕೂದಲುದುರಿ, ಚರ್ಮ ಬೂದುಬಣ್ಣಕ್ಕೆ ತಿರುಗಿ ದಪ್ಪಗಟ್ಟಿರುತ್ತದೆ. ಕೆಲವಕ್ಕೆ ಅದರ ಕೆಳಗೆ ನೀರು ತುಂಬಿ ಗಂಟಾಗಿರುತ್ತದೆ. ಸೊಂಟದ ಕೀಲು ಸಡಿಲವಾಗಿರುವುದು ಈ ತಳಿಗಳಲ್ಲಿ ಸಾಮಾನ್ಯ, ಸ್ನಾಯುಗಳೂ ಸೊರಗಿದ್ದರೆ ನುಣುಪಾದ ಗ್ರಾನೈಟಿನ ಮೇಲೆ ಹಿಂಗಾಲುಗಳು ಅಗಲಕ್ಕೆ ಜಾರುತ್ತವೆ, ಒಮ್ಮೆ ಜಾರಿದ ನಾಯಿ ಮರುದಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ನೀರಿನ ಬಟ್ಟಲಿನವರೆಗೆ ಮಡಿಸಿದ ಗೋಣಿಚೀಲ ಹಾಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಉಪವಾಸದಿಂದ ಬಂದ ನಾಯಿಗೆ ಮರುಕದಿಂದ ಒಮ್ಮೆಲೇ ಹೊಟ್ಟೆತುಂಬ ಬಡಿಸುವುದೂ ಅಪಾಯ, ಏಕೆಂದರೆ ರಕ್ತದಲ್ಲಿರುವ ರಂಜಕದ (ಫಾಸ್ಫರಸ್) ಪ್ರಮಾಣ ತಟ್ಟನೆ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು.

ಉಣುಗಿನಿಂದ ಹರಡುವ ಎರ್ಲಿಕಿಯಾ ಸೋಂಕಿಗೆ ರಕ್ತಪರೀಕ್ಷೆ, ಇಲಿಜ್ವರದ ಲಸಿಕೆ, ಸಂತಾನಹರಣ ಇವು ಹಸ್ತಾಂತರಕ್ಕೆ ಮೊದಲೇ ಮುಗಿದಿರಬೇಕು. ನಾಯಿ ಮುಖ್ಯವಾಗಿ ಏದುಸಿರು ಬಿಡುವುದರಿಂದ, ಅಂದರೆ ನಾಲಿಗೆ ಮತ್ತು ಬಾಯಿಯ ತೇವ ಆವಿಯಾಗುವುದರಿಂದ ಮೈ ತಂಪಾಗಿಸಿಕೊಳ್ಳುತ್ತದೆ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಆವಿಯಾಗುವುದು ಕಡಿಮೆ, ದೊಡ್ಡ ದೇಹದ ಬಿಸಿ ಹೊರಹೋಗುವುದೂ ನಿಧಾನ. ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜೀವಾಪಾಯ. ಗಿಡ್ಡ ಕೂದಲಿನ ಡೇನ್ ಇಲ್ಲಿ ಫ್ಯಾನಿನ ಕೆಳಗೆ ದಿನ ತಳ್ಳೀತು, ಆದರೆ ದಟ್ಟ ಕೂದಲಿನ ಸೇಂಟ್ ಬರ್ನಾರ್ಡ್‌ಗೆ ಎ.ಸಿ. ಇರುವ ಕೋಣೆ ಬೇಕೇ ಬೇಕು, ಅಥವಾ ಇನ್ನೂ ಕೆಲವು ವಾರ ಕಾದಾದರೂ ಘಟ್ಟದ ಮೇಲೆ ಒಂದು ಮನೆ ಹುಡುಕಬೇಕು.