ಕಥೆ ಎಲ್ಲಿಯವರೆಗೆ ಹೋಗಬಹುದು? ಆರ್‌ಪಿಜಿ ಮೇಜಿನ ಒಪ್ಪಿಗೆಯ ಹಿನ್ನೆಲೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಥರದ ಆರ್‌ಪಿಜಿಗೆ, ಅಂದರೆ ಪಾತ್ರ ವಹಿಸಿ ಆಡುವ ಆಟಕ್ಕೆ ಕೂರುವ ಸಣ್ಣ ಸಣ್ಣ ಗುಂಪುಗಳಿವೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಊರುಗಳಿಗೆ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಈಚೆಗೆ ಮಾತ್ರ ದಾಳ ಕೈಗೆ ಬರುವ ಮೊದಲೇ, ಕಥೆಯಲ್ಲಿ ಯಾರಿಗೆ ಏನು ಬೇಡ ಎಂಬ ಮಿತಿಗಳ ಚರ್ಚೆ ಬಿಸಿಯೇರುತ್ತಿದೆ. ಸೆಷನ್ ಝೀರೋ ಬೇಕೇ ಬೇಕಾ? ಎಕ್ಸ್ ಕಾರ್ಡ್ ಇಡಬೇಕಾ? ಲೈನ್ಸ್, ವೇಲ್ಸ್ ಅಂದರೇನು? ಇದೆಲ್ಲ ಹೊರದೇಶದವರ ನಾಜೂಕು ಅನ್ನುವವರು ಒಂದು ಕಡೆ, ಚೆಕ್‌ಲಿಸ್ಟ್ ತುಂಬದವರನ್ನು ಆಟಕ್ಕೇ ಸೇರಿಸದವರು ಇನ್ನೊಂದು ಕಡೆ. ಈ ಪದಗಳು ಹುಟ್ಟಿದ ಕಾಲ ಬೇರೆ ಬೇರೆ, ಕಾರಣವೂ ಬೇರೆ ಬೇರೆ. ನಮ್ಮಲ್ಲಿಗೆ ಮಾತ್ರ ಎಲ್ಲವೂ ಒಂದೇ ಗಂಟಿನಲ್ಲಿ ಬಂದಿಳಿದವು.

ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಒಬ್ಬರು ಗೇಮ್ ಮಾಸ್ಟರ್. ಲೋಕ, ಶತ್ರುಗಳು, ಹವಾಮಾನ, ಊರಿನ ಜನ ಎಲ್ಲವೂ ಅವರ ಬಾಯಲ್ಲಿ. ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ವಹಿಸಿ ‘ನಾನು ಬಾಗಿಲು ತೆಗೀತೀನಿ’, ‘ನಾನು ಓಡ್ತೀನಿ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ಡಿ ಅಂಡ್ ಡಿಯಲ್ಲಾದರೆ 20 ಮುಖದ ದಾಳ ಹೇಳುತ್ತದೆ. ಬರೆದಿಟ್ಟ ಸಂಭಾಷಣೆಯಿಲ್ಲ. ಮುಂದಿನ ಕ್ಷಣ ಏನು ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಸಿನಿಮಾದಲ್ಲಾದರೆ ಕಣ್ಣು ಮುಚ್ಚಬಹುದು. ಇಲ್ಲಿ ನಡೆಯುವುದೆಲ್ಲ ‘ನಿನಗೆ’ ಎಂದೇ ಹೇಳಲ್ಪಡುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದದ್ದು 1974ರಲ್ಲಿ. ಮೊದಲ ದೊಡ್ಡ ಜಗಳ ಹೊರಗಿನಿಂದ ಬಂತು. 1980ರ ದಶಕದ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಆರಾಧನೆಗೆ, ಆತ್ಮಹತ್ಯೆಗೆ ದೂಡುತ್ತದೆ ಎಂಬ ಭಯ ಹಬ್ಬಿತು. 1983ರಲ್ಲಿ ಅದಕ್ಕೆಂದೇ ಒಂದು ವಿರೋಧಿ ಸಂಘ ಹುಟ್ಟಿತು. ಆರೋಪ ಸಾಬೀತಾಗಲಿಲ್ಲ, ಆಟ ಉಳಿಯಿತು. ಆದರೆ ಆ ಗದ್ದಲ ಒಂದು ಅಭ್ಯಾಸ ಬಿಟ್ಟುಹೋಯಿತೆಂದು ನನಗನ್ನಿಸುತ್ತದೆ. ಹೊರಗಿನವರಿಗೆ ಉತ್ತರ ಕೊಟ್ಟೂ ಕೊಟ್ಟೂ ‘ಇದು ಬರೀ ಆಟ’ ಎಂಬ ಮಾತು ಆಡುವವರ ಬಾಯಿಗೆ ಅಂಟಿಕೊಂಡಿತು. ಒಳಗಿನವರೇ ಯಾರಾದರೂ ‘ನನಗೆ ಹಿಂಸೆಯಾಯ್ತು’ ಎಂದಾಗಲೂ ಬಂದದ್ದು ಅದೇ ಉತ್ತರ.

ಅಷ್ಟರಲ್ಲಿ ಕಥೆಗಳ ಬಣ್ಣ ಕಪ್ಪಾಗುತ್ತಿತ್ತು. 1981ರ ‘ಕಾಲ್ ಆಫ್ ಕ್ಥುಲು’ ಪಾತ್ರದ ಮನಸ್ಥಿಮಿತಕ್ಕೇ ಅಂಕ ಕೊಟ್ಟಿತು. 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ ಆಟಗಾರರನ್ನೇ ರಕ್ತ ಹೀರುವವರನ್ನಾಗಿ ಕೂರಿಸಿತು. ಮೇಜು ಬಿಟ್ಟು ಎದ್ದುನಿಂತು ಪಾತ್ರವನ್ನು ಮೈಮೇಲೆ ತಂದುಕೊಳ್ಳುವ ಲಾರ್ಪ್ ಆಟ ನಾರ್ವೆ, ಸ್ವೀಡನ್ ಕಡೆ ಬೆಳೆಯಿತು. ‘ನಿಧಾನಿಸು’ ಅನ್ನುವುದಕ್ಕೊಂದು, ‘ನಿಲ್ಲಿಸು’ ಅನ್ನುವುದಕ್ಕೊಂದು ಪದವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ರೂಢಿ ಅಲ್ಲಿ ಗಟ್ಟಿಯಾಯಿತು. ಮೈಮುಟ್ಟಿ ಆಡುವ ಆಟಕ್ಕೆ ಅದು ಬೇಕೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಬರೀ ಮಾತಿನ ಆಟಕ್ಕೂ ಬೇಕೆಂದು ಒಪ್ಪಿಕೊಳ್ಳಲು ಕಾಲ ಹಿಡಿಯಿತು.

2003ರಲ್ಲಿ ಆಟ ವಿನ್ಯಾಸಕ ರಾನ್ ಎಡ್ವರ್ಡ್ಸ್ ತಮ್ಮ ಒಂದು ಪೂರಕ ಪುಸ್ತಕದಲ್ಲಿ ಲೈನ್ಸ್, ವೇಲ್ಸ್ ಎಂಬ ವಿಂಗಡಣೆ ಮಾಡಿದರು. ಲೈನ್ ಅಂದರೆ ಗೆರೆ: ಅದು ಕಥೆಯಲ್ಲಿ ಬರುವುದೇ ಇಲ್ಲ. ವೇಲ್ ಅಂದರೆ ಪರದೆ: ನಡೆಯುತ್ತದೆ, ಆದರೆ ವರ್ಣನೆಯಿಲ್ಲ, ಪರದೆ ಎಳೆದು ಮುಂದಿನ ದೃಶ್ಯಕ್ಕೆ ಹೋಗುವುದು. ನಮ್ಮಲ್ಲಿ ಹೆಚ್ಚಿನ ಗೊಂದಲ ಇಲ್ಲೇ. ‘ನನಗದು ಬೇಡ’ ಎಂದಾಕ್ಷಣ ವಿಷಯವನ್ನೇ ಕಿತ್ತುಹಾಕಬೇಕೆಂದು ಮಾಸ್ಟರ್ ಬೇಸರ ಮಾಡಿಕೊಳ್ಳುತ್ತಾರೆ. ಹೇಳಿದವರು ಕೇಳಿದ್ದು ಪರದೆಯನ್ನಷ್ಟೇ ಆಗಿರಬಹುದು.

ಮುಂದಿನ ದಶಕದ ಶುರುವಿನಲ್ಲಿ ಜಾನ್ ಸ್ಟಾವ್ರೊಪೌಲೊಸ್ ಎಕ್ಸ್ ಕಾರ್ಡ್ ತಂದರು. ಮೇಜಿನ ನಡುವೆ ‘ಎಕ್ಸ್’ ಎಂದು ಬರೆದ ಒಂದು ಕಾರ್ಡು. ಕಥೆ ಸಹಿಸಲಾಗದ ಕಡೆ ತಿರುಗಿದರೆ ಯಾರು ಬೇಕಾದರೂ ಮುಟ್ಟಬಹುದು. ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಯಾಕೆಂದು ಹೇಳಬೇಕಿಲ್ಲ. ಈ ಕೊನೆಯ ನಿಯಮವೇ ಅದರ ಜೀವಾಳ. ಪರಿಚಯವಿಲ್ಲದವರು ಒಂದೇ ಮೇಜಿಗೆ ಬಂದು ಕೂರುವ ಗೇಮ್ ಸಮಾವೇಶಗಳಲ್ಲಿ ಇದು ಬೇಗ ಹರಡಿತು.

2019 ತಿರುವಿನ ವರ್ಷ. ಬರ್ಮಿಂಗ್‌ಹ್ಯಾಮಿನ ಯುಕೆ ಗೇಮ್ಸ್ ಎಕ್ಸ್‌ಪೋದಲ್ಲಿ ಒಂದು ಮೇಜಿನ ಕಥೆ ಆಟಗಾರರ ಪಾತ್ರಗಳ ಮೇಲಿನ ಲೈಂಗಿಕ ದೌರ್ಜನ್ಯದ ಕಡೆ ತಿರುಗಿತು. ಆಟಗಾರರು ದೂರು ಕೊಟ್ಟರು, ಆಯೋಜಕರು ಆ ಮಾಸ್ಟರ್‌ನ ಆಟಗಳನ್ನು ನಿಲ್ಲಿಸಿ ನಿಷೇಧ ಹಾಕಿದರು. ಅದೇ ವರ್ಷ ಇಂಥ ಆಟಗಳನ್ನು ಪ್ರಕಟಿಸುವ ಮಾಂಟೆ ಕುಕ್ ಗೇಮ್ಸ್ ಸಂಸ್ಥೆ ‘ಕನ್ಸೆಂಟ್ ಇನ್ ಗೇಮಿಂಗ್’ ಎಂಬ ಕಿರುಪುಸ್ತಿಕೆಯನ್ನು ಉಚಿತವಾಗಿ ಕೊಟ್ಟಿತು. ಅದರ ಕೊನೆಗಿದ್ದ, ಯಾವ ವಿಷಯ ಒಪ್ಪಿಗೆ, ಯಾವುದು ಬೇಡ ಎಂದು ಹಸಿರು, ಹಳದಿ, ಕೆಂಪಿನಲ್ಲಿ ಗುರುತು ಹಾಕುವ ಚೆಕ್‌ಲಿಸ್ಟೇ ಇಂದು ಎಲ್ಲೆಡೆ ತಿರುಗುತ್ತಿರುವುದು. ಮರುವರ್ಷ ಡಿ ಅಂಡ್ ಡಿಯ ಅಧಿಕೃತ ಪುಸ್ತಕವೊಂದರಲ್ಲೇ ಸೆಷನ್ ಝೀರೋ, ಅಂದರೆ ಆಟಕ್ಕೆ ಮುಂಚೆ ಕೂತು ಮಿತಿಗಳನ್ನು ಮಾತಾಡಿಕೊಳ್ಳುವ ಕ್ರಮ, ಅಚ್ಚಾಯಿತು. ಆಗಲೇ ಕೋವಿಡ್‌ನಿಂದಾಗಿ ಆಟ ಆನ್‌ಲೈನಿಗೆ ಹೋಗಿತ್ತು. ಮಲೆನಾಡಿನ ಎಷ್ಟೋ ಜನ ಇದನ್ನು ಕಲಿತದ್ದೇ ಆ ದಿನಗಳಲ್ಲಿ, ಬೆಂಗಳೂರಿನಿಂದ ಊರಿಗೆ ವಾಪಸಾಗಿ, ಸಿಗ್ನಲ್ ಸಿಗುವ ಮೂಲೆ ಹುಡುಕಿ ಕೂತು.

ಪಾತ್ರವಾಗಿ ಮಾತಾಡುವುದು ಈ ಸೀಮೆಗೆ ಹೊಸದಲ್ಲ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಇಲ್ಲಿ ತಾಳಮದ್ದಳೆ ಕೂಟ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ಕರ್ಣನೋ ಶಲ್ಯನೋ ಆಗುತ್ತಾರೆ. ಶಲ್ಯ ಎಷ್ಟೇ ಹೀಯಾಳಿಸಿದರೂ ಅದು ಶಲ್ಯನ ಮಾತು. ಆದರೆ ಎದುರು ಕೂತವರ ಮನೆತನವೋ ಕಸುಬೋ ಮಾತಿನೊಳಗೆ ನುಸುಳಿದರೆ ಸಭೆಗೆ ತಿಳಿಯುತ್ತದೆ. ಭಾಗವತರು ತಾಳ ಹಾಕಿ ಮುಂದಿನ ಪದ್ಯ ಎತ್ತಿಕೊಂಡು ಮಾತು ಮುಗಿಸಬಹುದು. ಅಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು, ಸಭೆ ಎದುರಿಗಿದೆ, ಭಾಗವತರು ಬೇರೆ, ಅರ್ಥಧಾರಿ ಬೇರೆ. ಆರ್‌ಪಿಜಿಯಲ್ಲಿ ಪ್ರಸಂಗಕರ್ತ, ಭಾಗವತ, ಎದುರಾಳಿ ಮೂವರೂ ಒಬ್ಬರೇ, ಅವರೇ ಹದ ತಪ್ಪಿದರೆ ತಾಳ ಹಾಕಲು ಯಾರೂ ಇಲ್ಲ. ಎಕ್ಸ್ ಕಾರ್ಡ್ ಆ ತಾಳವನ್ನು ಮೇಜಿನ ಪ್ರತಿಯೊಬ್ಬರ ಕೈಗೂ ಕೊಟ್ಟಿತು. ಅದನ್ನು ಬರೀ ನಾಜೂಕು ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಹಾಗಂತ ಕಾರ್ಡು ಇಟ್ಟರೆ ಕೆಲಸ ಮುಗಿಯಲಿಲ್ಲ. ಶಿವಮೊಗ್ಗದ ಒಂದು ಮೇಜಿನಲ್ಲಿ ಕಂಡದ್ದು ಇದು. ಮಾಸ್ಟರ್ ಒಳ್ಳೆ ಕಥೆಗಾರ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದು ಮುಳುಗಿದ ಊರೊಂದು ಮೇಲೆದ್ದಿದೆ. ಆಟಗಾರರು ನಿಧಿ ಹುಡುಕಿಕೊಂಡು ಪಾಳುಮನೆಗಳಿಗೆ ನುಗ್ಗಬೇಕು. ಕೆಸರು ಮೆತ್ತಿದ ಹೊಸ್ತಿಲು, ಒಡೆದ ತುಳಸಿಕಟ್ಟೆ, ಎಲ್ಲ ಸೊಗಸಾಗಿ ಬರುತ್ತಿತ್ತು. ಒಬ್ಬ ಹುಡುಗಿ ಮಾತ್ರ ಪ್ರತಿ ಸರದಿಗೂ ‘ನಾನು ಹೊರಗೇ ನಿಂತಿರ್ತೀನಿ’ ಅನ್ನುತ್ತಿದ್ದಳು. ದಾಳ ಹಾಕು ಅಂದರೆ ಹಾಕುತ್ತಿದ್ದಳು. ಕಾರ್ಡು ಅವಳ ಮೊಣಕೈ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಮುಂದಿನ ವಾರ ಮನೆಯಲ್ಲಿ ಕೆಲಸ ಅಂದಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮುಳುಗಿದ ಮನೆಗಳಲ್ಲಿ ಅವಳ ಅಜ್ಜನದೂ ಒಂದು. ಸಂತ್ರಸ್ತ ಕುಟುಂಬಗಳ ಜಮೀನಿನ ಹಕ್ಕಿನ ತಕರಾರು ಇಂದಿಗೂ ಜೀವಂತವಾಗಿರುವ ಜಿಲ್ಲೆಯಿದು.

ಹೊರದೇಶದ ಚೆಕ್‌ಲಿಸ್ಟಿನಲ್ಲಿ ಜೇಡ, ಇಲಿ, ರಕ್ತ, ಚಿತ್ರಹಿಂಸೆಗೆಲ್ಲ ಜಾಗವಿದೆ. ‘ಮುಳುಗಡೆ’ಗೆ ಒಂದು ಸಾಲಿಲ್ಲ. ಇರಬೇಕೆಂದು ದೂರುವುದೂ ನ್ಯಾಯವಲ್ಲ. ಆ ಸಾಲನ್ನು ನಾವೇ ಬರೆದುಕೊಳ್ಳಬೇಕು. ಜೊತೆಗೆ, ತುಂಬಿದ ಮೇಜಿನಲ್ಲಿ, ಅದೂ ಹಿರಿಯನೊಬ್ಬ ಕಥೆ ಹೇಳುತ್ತಿರುವಾಗ, ಕೈ ಚಾಚಿ ತಡೆಯುವುದು ನಮ್ಮ ಬಹುಪಾಲು ಮಕ್ಕಳಿಗೆ ಮನೆಯಲ್ಲೂ ಶಾಲೆಯಲ್ಲೂ ಅಭ್ಯಾಸವಾಗಿಲ್ಲ. ದಾಕ್ಷಿಣ್ಯಕ್ಕೆ ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿದರೆ ಕಾರ್ಡು ಇದ್ದೂ ಇಲ್ಲದ ಹಾಗೆ.

ಆ ಗುಂಪು ಈಗ ಬೇರೆ ದಾರಿ ಹಿಡಿದಿದೆ. ಹೊಸ ಕಥೆಗೆ ಮುಂಚೆ ಎಲ್ಲರೂ ಹೆಸರಿಲ್ಲದ ಚೀಟಿಯಲ್ಲಿ ಬೇಡವಾದದ್ದನ್ನು ಬರೆದು ಡಬ್ಬಿಗೆ ಹಾಕುತ್ತಾರೆ. ಮೊದಲ ಸಲ ಬಂದ ಚೀಟಿಗಳಲ್ಲಿ ಒಂದರಲ್ಲಿ ‘ಮಂಗನ ಕಾಯಿಲೆ’ ಅಂತಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು. 2019ರ ಹೊತ್ತಿಗೆ ಸಾಗರದ ಅರಳಗೋಡು ಸುತ್ತ ಮತ್ತೆ ಜೀವ ತೆಗೆದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಕಾಡಿನಲ್ಲಿ ಸಾಂಕ್ರಾಮಿಕ ರೋಗ ಅನ್ನುವುದು ಕಥೆಗಾರನಿಗೆ ಸುಲಭದ ಸರಕು, ಕೇಳುವವನ ಮನೆಯಲ್ಲಿ ಅದು ಸಾವಾಗಿರಬಹುದು. ಇನ್ನೊಂದರಲ್ಲಿ ‘ನಾಗರಹಾವು ಹೊಡೆಯೋದು’. ಮತ್ತೊಂದರಲ್ಲಿ ‘ಜಾತಿ ಎತ್ತಿ ಬೈಯೋದು, ಪಾತ್ರ ಬೈದ್ರೂ’. ಹುಡುಗಿಯನ್ನು ವಾಪಸು ಕರೆದು ಕೇಳಿದಾಗ ಅವಳು ಹೇಳಿದ್ದು ‘ಊರು ಇರಲಿ, ಮನೆ ಒಳಗೆ ಹೋಗೋದು ಬೇಡ’ ಅಂತ. ಮಾಸ್ಟರ್ ಕಥೆಯನ್ನು ಕೈಬಿಡಬೇಕಾಗಲಿಲ್ಲ. ನಿಧಿಯ ಎಳೆ ಬಿಟ್ಟು, ನೀರು ಮತ್ತೆ ಏರುವ ಮೊದಲು ಊರದೇವರನ್ನು ದಡ ಮುಟ್ಟಿಸುವ ಕಥೆಯಾಗಿ ತಿರುಗಿಸಿದರು. ಆ ಆಟದಲ್ಲಿ ಮುಂದೆ ನಡೆದವಳು ಅವಳೇ.

ಮಿತಿ ಹಾಕಿದರೆ ಭಯಾನಕ ಕಥೆಯ ಉಸಿರು ಹೋಗುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರ ಉತ್ತರ ನಾನು ಕಂಡಿಲ್ಲ. ಅಂಚು ಎಲ್ಲಿದೆಯೆಂದು ತಿಳಿದ ಮೇಲೆ ಜನ ಧೈರ್ಯವಾಗಿ ಅಂಚಿನವರೆಗೂ ಬರುತ್ತಾರೆ.

ಕಾಲೇಜು ಹಾಸ್ಟೆಲ್‌ಗಳ ಮೇಜುಗಳಲ್ಲಿ ಮಾತ್ರ ಇದು ಇನ್ನೂ ಬಗೆಹರಿದಿಲ್ಲ. ಅಲ್ಲಿ ಮಾಸ್ಟರ್ ಸಾಮಾನ್ಯವಾಗಿ ಸೀನಿಯರ್, ಆಟಗಾರರು ಜೂನಿಯರ್‌ಗಳು; ಕೈಬರಹ ಗುರುತು ಸಿಕ್ಕೀತೆಂದು ಕೆಲವರು ಖಾಲಿ ಚೀಟಿ ಹಾಕುತ್ತಾರೆ. ಅದಕ್ಕೇ ಈಗ ಕೆಲವು ಕಡೆ ಮೊಬೈಲ್ ಫಾರ್ಮಿನಲ್ಲಿ ಉತ್ತರ ತರಿಸಿಕೊಳ್ಳುತ್ತಿದ್ದಾರೆ. ಮಾಸ್ಟರ್ ಮೊದಲು ತನ್ನ ಬೇಡಗಳನ್ನು ತಾನೇ ಜೋರಾಗಿ ಓದಿ ಹೇಳುವ ಕ್ರಮವನ್ನೂ ಒಂದೆರಡು ಗುಂಪು ಶುರುಮಾಡಿವೆ. ನಡುವೆ ಹೊಸಬರು ಸೇರಿದ ದಿನ ಎಲ್ಲರೂ ಮತ್ತೆ ಬರೆಯುತ್ತಾರೆ, ಹಳಬರು ಕೂಡ.