ಹೆಬ್ಬೆರಳು ಸರಿಯಿಲ್ಲವೇ? ಹೃದಯವನ್ನೂ ನೋಡಿಸಿ

ಗ್ರಹಣ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬಸುರಿಯರಿಗೆ ಕಟ್ಟುಪಾಡು ಶುರು. ಈಳಿಗೆಮಣೆ ಮುಟ್ಟಬೇಡ, ಸೂಜಿ ಹಿಡಿಯಬೇಡ, ಕಿಟಕಿ ಪರದೆ ಎಳಿ. 2025ರ ಸೆಪ್ಟೆಂಬರ್ 7ರ ರಾತ್ರಿಯ ಚಂದ್ರಗ್ರಹಣಕ್ಕೂ ಇದೇ ಉಪದೇಶ. ಕತ್ತರಿಸಿದರೆ ಮಗುವಿನ ತುಟಿ ಸೀಳುತ್ತದೆ, ಬೆರಳು ಹೋಗುತ್ತದೆ ಎಂಬ ಹೆದರಿಕೆ. ಈ ಮಾತನ್ನು ಕೇಳಿಸಿಕೊಳ್ಳುವವಳು ಸಾಮಾನ್ಯವಾಗಿ ಹೊಟ್ಟೆ ಕಾಣಿಸುತ್ತಿರುವ ಐದು-ಏಳು ತಿಂಗಳ ಬಸುರಿ. ಅವಳ ಮಗುವಿನ ಬೆರಳುಗಳು ಮೂಡಿ ಆಗಲೇ ತಿಂಗಳುಗಳು ಕಳೆದಿರುತ್ತವೆ.

ದಿನಗಳ ಲೆಕ್ಕವನ್ನೇ ನೋಡಿ. ಅಂಡ ಫಲಿತವಾದ ಸುಮಾರು 22ನೆಯ ದಿನ ಭ್ರೂಣದ ಹೃದಯ ಮಿಡಿಯಲು ತೊಡಗುತ್ತದೆ. ಆಗ ಅದು ಬರಿಯ ಒಂದು ಕೊಳವೆ. 26ನೆಯ ದಿನದ ಹೊತ್ತಿಗೆ ಕೈಯ ಮೊಗ್ಗು, ಅದಾಗಿ ಒಂದೆರಡು ದಿನಕ್ಕೆ ಕಾಲಿನ ಮೊಗ್ಗು. ಭ್ರೂಣದ ಉದ್ದ ಆಗ ಸುಮಾರು 4 ಮಿಲಿಮೀಟರ್. 56ನೆಯ ದಿನಕ್ಕೆ ಹತ್ತು ಬೆರಳೂ ಬೇರೆಬೇರೆಯಾಗಿರುತ್ತವೆ, ಹೃದಯದ ನಾಲ್ಕು ಕೋಣೆಗಳ ನಡುವೆ ಗೋಡೆಗಳೂ ಎದ್ದಿರುತ್ತವೆ. ಆಸ್ಪತ್ರೆಯವರು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಅವರ ಲೆಕ್ಕಕ್ಕೆ ಇದರ ಮೇಲೆ ಎರಡು ವಾರ ಸೇರುತ್ತದೆ. ಮುಟ್ಟು ನಿಂತು ಎರಡು ವಾರ ತುಂಬುವ ಮೊದಲೇ ಕೈ ಮೊಳೆತಾಗಿದೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಎನ್ನುವುದೇ ಗೊತ್ತಿರುವುದಿಲ್ಲ.

ಹಾಗಾದರೆ ಬೆರಳು ಹೋಗುವುದು ಯಾತಕ್ಕೆ? ಕಾರಣಗಳು ಹಲವು. ಅವುಗಳಲ್ಲಿ ಒಂದು, ಕೈಯನ್ನೂ ಹೃದಯವನ್ನೂ ಒಟ್ಟಿಗೇ ಕೆಡಿಸುವಂಥದು.

1960ರಲ್ಲಿ ಲಂಡನ್ನಿನ ವೈದ್ಯರಾದ ಮೇರಿ ಹೋಲ್ಟ್ ಮತ್ತು ಸ್ಯಾಮ್ಯುಯೆಲ್ ಒರಾಮ್ ಒಂದು ಕುಟುಂಬದ ವರದಿ ಪ್ರಕಟಿಸಿದರು. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೃದಯದ ಮೇಲಿನ ಕೋಣೆಗಳ ನಡುವೆ ರಂಧ್ರ, ಜತೆಗೆ ವಿಚಿತ್ರ ಹೆಬ್ಬೆರಳು. ಇದಕ್ಕೆ ಹೋಲ್ಟ್-ಒರಾಮ್ ಸಿಂಡ್ರೋಮ್ ಎಂದು ಹೆಸರಾಯಿತು. ಸುಮಾರು ಒಂದು ಲಕ್ಷ ಜನನಗಳಲ್ಲಿ ಒಂದು ಎನ್ನುವಷ್ಟು ಅಪರೂಪ. 1997ರಲ್ಲಿ ಎರಡು ಸಂಶೋಧನಾ ತಂಡಗಳು ಅದರ ಮೂಲವನ್ನು ಪತ್ತೆಹಚ್ಚಿದವು: 12ನೆಯ ಕ್ರೋಮೋಸೋಮಿನಲ್ಲಿರುವ ಟಿಬಿಎಕ್ಸ್5 ಎಂಬ ಜೀನ್.

ಈ ಜೀನಿನ ಮನೆತನದ ಕತೆ ಶುರುವಾಗುವುದು ಇಲಿಯ ಬಾಲದಿಂದ. 1927ರಲ್ಲಿ ಪ್ಯಾರಿಸ್ಸಿನಲ್ಲಿ ರಷ್ಯನ್ ವಿಜ್ಞಾನಿ ನದೆಝ್ದಾ ದೊಬ್ರೊವೊಲ್ಸ್ಕಾಯಾ-ಝಾವದ್ಸ್ಕಾಯಾ ಮೋಟುಬಾಲದ ಇಲಿಗಳನ್ನು ವರದಿ ಮಾಡಿದರು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಬಾಲ ಮೋಟು, ಎರಡೂ ಕೆಟ್ಟಿದ್ದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಆ ಜೀನ್ ಕೈಗೆ ಸಿಕ್ಕಿದ್ದು 1990ರಲ್ಲಿ. ಆಮೇಲೆ ಅದರ ಹೋಲಿಕೆಯ ದಾಯಾದಿ ಜೀನ್‌ಗಳು ಒಂದೊಂದಾಗಿ ಹೊರಬಂದವು. ಟಿಬಿಎಕ್ಸ್5 ಅವುಗಳಲ್ಲೊಂದು. ಇವೆಲ್ಲ ತಯಾರಿಸುವ ಪ್ರೋಟೀನುಗಳ ಕಸುಬು ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಚಾಲೂ ಇಲ್ಲವೇ ಬಂದ್ ಮಾಡುವುದು.

ಕೈಗೂ ಹೃದಯಕ್ಕೂ ಒಂದೇ ಜೀನ್ ಏಕೆ ಎಂದರೆ, ಎರಡೂ ಭ್ರೂಣದ ಅಕ್ಕಪಕ್ಕದ ಅಂಗಾಂಶ ಪಟ್ಟಿಯೊಂದರಿಂದಲೇ ಹುಟ್ಟುತ್ತವೆ. ಆ ಪಟ್ಟಿಯಲ್ಲಿ ಕೈ ಏಳಬೇಕಾದ ಜಾಗದ ಕೋಶಗಳಲ್ಲಿ ಟಿಬಿಎಕ್ಸ್5 ಎಚ್ಚರಗೊಂಡು ಎಫ್‌ಜಿಎಫ್10 ಎಂಬ ಸಂಕೇತ ಪ್ರೋಟೀನನ್ನು ಹೊರಡಿಸುತ್ತದೆ. ಅದು ಮೇಲಿನ ಚರ್ಮದ ಪದರಕ್ಕೆ ತಲುಪಿದಾಗ ಮೊಗ್ಗಿನ ತುದಿಯಲ್ಲಿ ಒಂದು ಏಣು ಕಟ್ಟಿಕೊಳ್ಳುತ್ತದೆ. ಆ ಏಣು ಎಫ್‌ಜಿಎಫ್8 ಎಂಬ ಮರುಸಂಕೇತ ಕಳಿಸುತ್ತದೆ, ಒಳಗಿನ ಕೋಶಗಳು ಎಫ್‌ಜಿಎಫ್10 ನಿಲ್ಲದಂತೆ ನೋಡಿಕೊಳ್ಳುತ್ತವೆ. ಈ ಕೊಡುಕೊಳ್ಳುವಿಕೆ ನಡೆಯುವಷ್ಟು ಹೊತ್ತು ಕೈ ಉದ್ದವಾಗುತ್ತದೆ. 1948ರಲ್ಲಿ ಜಾನ್ ಸಾಂಡರ್ಸ್ ಕೋಳಿ ಭ್ರೂಣದ ಈ ಏಣನ್ನು ಕೆತ್ತಿ ತೆಗೆದು ನೋಡಿದರು. ಬೇಗ ತೆಗೆದರೆ ರೆಕ್ಕೆ ಬುಡದ ಹತ್ತಿರವೇ ನಿಂತುಹೋಯಿತು, ತಡವಾಗಿ ತೆಗೆದರೆ ತುದಿ ಮಾತ್ರ ಇಲ್ಲವಾಯಿತು. ಇಲಿಯ ಮುಂಗಾಲಿನ ಜಾಗದಲ್ಲಿ ಟಿಬಿಎಕ್ಸ್5 ಪೂರ್ತಿ ತೆಗೆದರೆ ಮುಂಗಾಲು ಏಳುವುದೇ ಇಲ್ಲ, ಹಿಂಗಾಲಿಗೆ ಏನೂ ಆಗುವುದಿಲ್ಲ. ಹಿಂಗಾಲಿನ ಉಸ್ತುವಾರಿ ಟಿಬಿಎಕ್ಸ್4 ಎಂಬ ದಾಯಾದಿಯದು. ಹೋಲ್ಟ್-ಒರಾಮ್ ಇರುವವರ ಕಾಲುಗಳು ಸರಿಯಾಗಿರುವುದೂ ಅದಕ್ಕೇ.

ಹೃದಯದಲ್ಲಿ ಇದೇ ಪ್ರೋಟೀನಿಗೆ ಬೇರೆ ಜತೆಗಾರರು: ಎನ್‌ಕೆಎಕ್ಸ್2-5 ಮತ್ತು ಗಾಟಾ4. ಇವುಗಳಲ್ಲಿ ಯಾವುದು ಕೆಟ್ಟರೂ ಗೋಡೆಯಲ್ಲಿ ರಂಧ್ರ ಉಳಿಯಬಹುದು, ಆದರೆ ಜತೆಗಾರರು ಕೆಟ್ಟಾಗ ಕೈ ಕೆಡುವುದಿಲ್ಲ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಎಲ್ಲಿ ಏಳಬೇಕು ಎನ್ನುವುದರಲ್ಲೂ ಟಿಬಿಎಕ್ಸ್5 ಪಾತ್ರವಿದೆ. ಎಡಭಾಗದಲ್ಲಿ ಅದು ಹೆಚ್ಚು, ಬಲಭಾಗದಲ್ಲಿ ಕಡಿಮೆ. ಗೋಡೆ ಏಳುವುದು ಆ ಗಡಿಯಲ್ಲಿ. ಕೋಳಿ, ಇಲಿಗಳಲ್ಲಿ ಈ ಗಡಿ ಸ್ಪಷ್ಟ. ಅನೋಲ್ ಎಂಬ ಹಲ್ಲಿಯಲ್ಲಿ ಟಿಬಿಎಕ್ಸ್5 ಇಡೀ ಕೋಣೆಯಲ್ಲಿ ಹರಡಿರುತ್ತದೆ, ಗೋಡೆ ಇಲ್ಲ. ಆಮೆ ಇವೆರಡರ ನಡುವಿನದು ಎಂದು 2009ರಲ್ಲಿ ತೋರಿಸಿಕೊಟ್ಟರು. ಹೃದಯದ ವಿಕಾಸವನ್ನು ಇಷ್ಟು ಅಚ್ಚುಕಟ್ಟಾಗಿ ಒಂದು ಪ್ರೋಟೀನಿನ ಹರಡುವಿಕೆಯಲ್ಲಿ ಕಾಣುವುದು ಅಪರೂಪ.

ಈಗ ಜನ ಎಡವುವ ಜಾಗ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ, ತಾಯಿಯದೊಂದು ತಂದೆಯದೊಂದು. ಹೋಲ್ಟ್-ಒರಾಮ್‌ನಲ್ಲಿ ಕೆಟ್ಟಿರುವುದು ಒಂದೇ. ಇನ್ನೊಂದು ಸರಿಯಿದ್ದೂ ಏಕೆ ಸಾಲದು? ಮೂರಂತಸ್ತಿನ ಮನೆಗೆ ಕಾವೇರಿ ನೀರು ಅರ್ಧ ಒತ್ತಡದಲ್ಲಿ ಬಂದ ದಿನ ಏನಾಗುತ್ತದೆಂದು ನೆನೆಸಿಕೊಳ್ಳಿ. ಅಂಗಳದ ನಲ್ಲಿ ಸುರಿಯುತ್ತದೆ, ಸಂಪಿಗೂ ಬೀಳುತ್ತದೆ, ಮೇಲಿನ ಟ್ಯಾಂಕಿಗೆ ಮಾತ್ರ ಹನಿಯೂ ಏರದು. ಎಲ್ಲ ಕಡೆ ಅರ್ಧರ್ಧ ಹಂಚಿಕೆಯಾಗುವುದಿಲ್ಲ. ಟಿಬಿಎಕ್ಸ್5 ಅರ್ಧಕ್ಕೆ ಇಳಿದಾಗಲೂ ಹೀಗೇ: ಅದರ ಕೈಕೆಳಗಿನ ಕೆಲವು ಜೀನ್‌ಗಳಿಗೆ ಅರ್ಧವೇ ಸಾಕು, ಇನ್ನು ಕೆಲವು ಅರ್ಧಕ್ಕಿಂತ ಎಷ್ಟೋ ಕೆಳಗೆ ಕುಸಿಯುತ್ತವೆ. ಒಂದೇ ಪ್ರತಿ ಇರುವ ಇಲಿಗಳಲ್ಲಿ ಹೀಗೆ ಕುಸಿದದ್ದು ಕನೆಕ್ಸಿನ್40. ಹೃದಯದ ಕೋಶದಿಂದ ಕೋಶಕ್ಕೆ ವಿದ್ಯುತ್ ದಾಟಿಸುವ ಪ್ರೋಟೀನ್ ಅದು. ರಂಧ್ರವೇ ಇಲ್ಲದ ರೋಗಿಗೂ ವರ್ಷಗಳ ನಂತರ ಎದೆಬಡಿತ ನಿಧಾನವಾಗುವುದು ಏಕೆ ಎಂಬುದಕ್ಕೆ ಇಲ್ಲಿ ಸುಳಿವಿದೆ.

ಕೈಯಲ್ಲಿ ಮೊದಲು ಪೆಟ್ಟು ಬೀಳುವುದು ಹೆಬ್ಬೆರಳ ಕಡೆಗೆ. ಅಲ್ಲಿ ಟಿಬಿಎಕ್ಸ್5 ಜತೆ ಕೆಲಸ ಮಾಡುವ ಪ್ರೋಟೀನ್ ಸಾಲ್4. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾದ ಥಾಲಿಡೊಮೈಡ್ ಮಾತ್ರೆ ಕೈಮೊಟಕಾದ ಸಾವಿರಾರು ಮಕ್ಕಳು ಹುಟ್ಟಲು ಕಾರಣವಾಯಿತು. ಆ ಔಷಧ ಕೋಶದೊಳಗಿನ ಸಾಲ್4 ಅನ್ನೇ ನಾಶಕ್ಕೆ ದೂಡುತ್ತದೆ ಎಂದು ತಿಳಿದದ್ದು 2018ರಲ್ಲಿ. ಅಪಾಯದ ಕಿಟಕಿ ಫಲಿತವಾದ ಸುಮಾರು 20ರಿಂದ 36ನೆಯ ದಿನ. ಗರ್ಭಿಣಿಗೆ ಹೆದರಿಕೆ ಹುಟ್ಟಿಸಲೇಬೇಕಿದ್ದರೆ ಚಂದ್ರನ ಬದಲು, ಡಾಕ್ಟರರನ್ನು ಕೇಳದೆ ನುಂಗುವ ಮಾತ್ರೆಯ ಬಗ್ಗೆ ಹುಟ್ಟಿಸಿ.

ಮಗುವಿನ ಕೈಯಲ್ಲಿ ಏನು ನೋಡಬೇಕು? ಹೆಬ್ಬೆರಳು ಇಲ್ಲದಿರಬಹುದು, ಎರಡರ ಬದಲು ಮೂರು ಗೆಣ್ಣಿರಬಹುದು, ಉಳಿದ ಬೆರಳುಗಳ ಸಾಲಿನಲ್ಲೇ ನಿಂತು ಕಿರುಬೆರಳನ್ನು ಮುಟ್ಟಲಾಗದೆ ಇರಬಹುದು. ಎಡಗೈ ಹೆಚ್ಚು ಕೆಟ್ಟಿರುವುದು ಸಾಮಾನ್ಯ. ಇಂಥ ಮಗುವಿಗೆ ಎದೆಯಲ್ಲಿ ಶಬ್ದ ಕೇಳಿಸಲಿ ಬಿಡಲಿ, ಎಕೋ (ಹೃದಯದ ಸ್ಕ್ಯಾನಿಂಗ್) ಮತ್ತು ಇಸಿಜಿ ಎರಡೂ ಆಗಬೇಕು. ಹೋಲ್ಟ್-ಒರಾಮ್ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಹೃದಯದ ತೊಂದರೆ ಇರುತ್ತದೆ. ಎಕೋ ಸರಿ ಬಂದರೂ ಇಸಿಜಿ ಪ್ರತಿ ವರ್ಷ. ತಂದೆತಾಯಿಯ ಮಣಿಕಟ್ಟಿನ ಎಕ್ಸ್-ರೇ ಕೂಡ ಬೇಕು, ಏಕೆಂದರೆ ಮಣಿಕಟ್ಟಿನ ಮೂಳೆಯ ಸಣ್ಣ ವ್ಯತ್ಯಾಸವಷ್ಟೇ ಇರುವವರೂ ಇದ್ದಾರೆ.

ಇದೇ ತರಹ ಕಾಣುವ ಬೇರೆ ಕಾಯಿಲೆಗಳಿವೆ. ಮುಂದೋಳಿನ ರೇಡಿಯಸ್ ಮೂಳೆ ಇಲ್ಲ, ಆದರೆ ಹೆಬ್ಬೆರಳು ಇದೆ ಎಂದರೆ ರಕ್ತದ ಪ್ಲೇಟ್‌ಲೆಟ್ ಎಣಿಸಬೇಕು, ಅದು ಬೇರೆಯೇ ಸಿಂಡ್ರೋಮ್. ಹೆಬ್ಬೆರಳು, ರೇಡಿಯಸ್ ಎರಡೂ ಇಲ್ಲವೆಂದಾಗ, ಮೂಳೆಮಜ್ಜೆ ಸೋತು ರಕ್ತ ತಯಾರಾಗದ ಫ್ಯಾನ್ಕೋನಿ ಅನೀಮಿಯಾ ಅಲ್ಲವೆಂದು ಕ್ರೋಮೋಸೋಮ್ ಮುರಿತದ ಪರೀಕ್ಷೆಯಿಂದ ಖಾತ್ರಿಯಾಗಬೇಕು. ನಮ್ಮ ಕಡೆ ಇದು ಮುಖ್ಯ. ಫ್ಯಾನ್ಕೋನಿ ಬರಲು ಬಹುಪಾಲು ಎರಡೂ ಪ್ರತಿ ಕೆಡಬೇಕು, ಸೋದರಮಾವನ ಮದುವೆಯಲ್ಲಿ ಅದರ ಸಂಭವ ಏರುತ್ತದೆ. ಹೋಲ್ಟ್-ಒರಾಮ್‌ಗೆ ಒಂದು ಪ್ರತಿ ಸಾಕು, ಸಂಬಂಧದ ಮದುವೆಗೂ ಅದಕ್ಕೂ ನಂಟಿಲ್ಲ. ಬಹುತೇಕ ಮಕ್ಕಳಲ್ಲಿ ಬದಲಾವಣೆ ಹೊಸದಾಗಿಯೇ ಹುಟ್ಟಿರುತ್ತದೆ. ಆ ಮಗು ಬೆಳೆದು ತಾಯಿಯೋ ತಂದೆಯೋ ಆದಾಗ ಮಾತ್ರ ಪ್ರತಿ ಬಸಿರಿಗೂ ಎರಡಕ್ಕೆ ಒಂದರ ಸಾಧ್ಯತೆ. ಆಗ 18ರಿಂದ 22 ವಾರದೊಳಗೆ ಕೈಗಳನ್ನು ಗಮನಿಸುವ ಸ್ಕ್ಯಾನಿಂಗ್, ಭ್ರೂಣದ ಎಕೋ ಮಾಡಿಸಬೇಕು.

ಜೀನ್ ಪರೀಕ್ಷೆಗೆ ಕೆಲವೇ ಮಿಲಿಲೀಟರ್ ರಕ್ತ ಸಾಕು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಆನುವಂಶಿಕ ಸಲಹೆಯೂ ಸಿಗುತ್ತದೆ. ಅಕ್ಷರ ಅಕ್ಷರ ಓದುವ ಸಾಮಾನ್ಯ ವಿಧಾನದಲ್ಲಿ ಜೀನಿನ ದೊಡ್ಡ ತುಂಡೇ ಬಿಟ್ಟುಹೋಗಿದ್ದರೆ ಕಾಣದೆ ಹೋಗಬಹುದು. ಆದ್ದರಿಂದ ವರದಿ ಸರಿ ಬಂದರೂ ಕೈ, ಹೃದಯ ಎರಡರಲ್ಲೂ ದೋಷವಿದ್ದಾಗ ತುಂಡು ಎಣಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ವರದಿಯಲ್ಲಿ ಅರ್ಥ ಖಚಿತವಾಗದ ಬದಲಾವಣೆ ಎಂದು ಬಂದಿದ್ದರೆ ಅದೊಂದನ್ನೇ ಹಿಡಿದು ಬಸಿರಿನ ಬಗ್ಗೆ ತೀರ್ಮಾನ ಬೇಡ. ಮೊದಲು ತಂದೆತಾಯಿಯ ರಕ್ತದಲ್ಲೂ ಅದೇ ಬದಲಾವಣೆ ಇದೆಯೇ, ಇದ್ದರೆ ಅವರ ಕೈ ಮತ್ತು ಎಕೋ ಹೇಗಿದೆ ಎಂದು ನೋಡಿಸಿ.