ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಗೇಟು ಎಲ್ಲಿದೆ?

ಪ್ರಶ್ನೆ: ನನಗೆ 22 ವರ್ಷ. ಓದಲೆಂದು ಲಂಡನ್ನಿಗೆ ಬಂದಿದ್ದೇನೆ. ಒಂದು ದಿನದ ಮಟ್ಟಿಗೆ ಆಕ್ಸ್‌ಫರ್ಡ್ ನೋಡಿ ಬರಬೇಕೆಂದಿದ್ದೇನೆ. ಸ್ಟೇಷನ್ನಿನಿಂದ ವಿಶ್ವವಿದ್ಯಾಲಯದ ಮುಖ್ಯದ್ವಾರಕ್ಕೆ ಯಾವ ಬಸ್ಸು ಹಿಡಿಯಬೇಕು? ಒಳಗೆ ಹೋಗಲು ಟಿಕೆಟ್ ಇದೆಯೇ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಸುಲಭದ ಭಾಗವನ್ನು ಮೊದಲು ಮುಗಿಸುತ್ತೇನೆ. ಪ್ಯಾಡಿಂಗ್ಟನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 16ರಿಂದ 25 ವರ್ಷದವರಿಗೆಂದು ಇರುವ ರೈಲ್‌ಕಾರ್ಡ್ ಕೊಂಡರೆ ಟಿಕೆಟ್ ದರದಲ್ಲಿ ಮೂರನೆಯ ಒಂದು ಭಾಗ ಉಳಿಯುತ್ತದೆ. ಅದನ್ನು ಕೊಳ್ಳಲು ಬ್ರಿಟಿಷ್ ಪ್ರಜೆಯಾಗಿರಬೇಕಿಲ್ಲ. ಇಳಿದ ಮೇಲೆ ಬಸ್ಸು ಬೇಡ, ಕಾಲು ಗಂಟೆ ನಡೆದರೆ ಊರ ನಡುವೆ ಇರುತ್ತೀರಿ.

ಇನ್ನು ಮುಖ್ಯದ್ವಾರ. ಅಂಥದ್ದೊಂದು ಇಲ್ಲ. ಮುಚ್ಚಿಲ್ಲ, ಕೆಡವಿಲ್ಲ, ರಿಪೇರಿಯಲ್ಲೂ ಇಲ್ಲ. ಎಂದೂ ಇರಲೇ ಇಲ್ಲ.

ನಮ್ಮ ತಲೆಯಲ್ಲಿ ಕೂತಿರುವುದು ಮಾನಸಗಂಗೋತ್ರಿಯ ಅಥವಾ ಜ್ಞಾನಭಾರತಿಯ ಚಿತ್ರ: ಮೊದಲು ಜಮೀನು, ಅದರಲ್ಲಿ ಸಾಲಾಗಿ ವಿಭಾಗಗಳು, ಮುಂದೊಂದು ಕಮಾನು, ಕಮಾನಿನ ಮೇಲೆ ಹೆಸರು. ಆಕ್ಸ್‌ಫರ್ಡಿನಲ್ಲಿ 1096ರಷ್ಟು ಹಿಂದೆಯೇ ಪಾಠ ನಡೆಯುತ್ತಿತ್ತು. 1167ರಲ್ಲಿ ಎರಡನೆಯ ಹೆನ್ರಿ ದೊರೆಯು ಇಂಗ್ಲೆಂಡಿನ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗುವುದನ್ನು ತಡೆದ ಮೇಲೆ ಇಲ್ಲಿ ಜನ ಇನ್ನಷ್ಟು ಸೇರಿದರು. ಆದರೆ ಈ ಮೇಷ್ಟರುಗಳೂ ವಿದ್ಯಾರ್ಥಿಗಳೂ ಊರಿನವರ ಮನೆಗಳಲ್ಲಿ ಬಾಡಿಗೆಗೆ ಕೋಣೆ ಹಿಡಿದು ಇದ್ದವರು. ಬೇಲಿ ಹಾಕಲು ಅವರಿಗೆ ಜಮೀನೇ ಇರಲಿಲ್ಲ. ಯೂನಿವರ್ಸಿಟಿ ಕಾಲೇಜು (1249), ಬೇಲಿಯಲ್ (1263), ಮರ್ಟನ್ (1264) ಎಂದು ಕಾಲೇಜುಗಳು ಒಂದೊಂದಾಗಿ ಹುಟ್ಟಿಕೊಂಡು, ತಮ್ಮ ತಮ್ಮ ನಿವೇಶನಕ್ಕೆ ತಾವೇ ಗೋಡೆ ಎತ್ತಿ, ತಾವೇ ಬಾಗಿಲು ಇಟ್ಟುಕೊಂಡವು. ಆದ್ದರಿಂದ ಈ ಊರಿನಲ್ಲಿ ನಲವತ್ತರಷ್ಟು ದೊಡ್ಡ ಬಾಗಿಲುಗಳಿವೆ, ಮತ್ತು ಅವುಗಳಲ್ಲಿ ಒಂದೂ ವಿಶ್ವವಿದ್ಯಾಲಯದ ಬಾಗಿಲಲ್ಲ.

ಇಷ್ಟು ಹೇಳಿದೊಡನೆ ಓದುಗರು, "ಹಾಗಾದರೆ ಅವು ವಿಟಿಯು ಅಡಿಯ ಕಾಲೇಜುಗಳಿದ್ದ ಹಾಗೆ ಸಂಯೋಜಿತ ಕಾಲೇಜುಗಳು, ಅಲ್ಲವೇ?" ಎಂದು ಕೇಳುತ್ತಾರೆ. ಅದೂ ಅಲ್ಲ. ಅಲ್ಲಿನ ಕಾಲೇಜಿಗೆ ಸ್ವಂತ ಆಸ್ತಿಯಿದೆ, ಸ್ವಂತ ನಿಯಮಾವಳಿಯಿದೆ. ಪದವಿ ತರಗತಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವುದೂ ಕಾಲೇಜೇ. ವಿದ್ಯಾರ್ಥಿ ಉಣ್ಣುವುದು, ಮಲಗುವುದು, ತಾನು ಬರೆದ ಪ್ರಬಂಧವನ್ನು ವಾರವಾರವೂ ಗುರುವಿನ ಎದುರು ಒಬ್ಬನೇ ಅಥವಾ ಇನ್ನೊಬ್ಬನೊಡನೆ ಕೂತು ಸಮರ್ಥಿಸಿಕೊಳ್ಳುವುದು ಬಹುಮಟ್ಟಿಗೆ ಕಾಲೇಜಿನಲ್ಲಿ. ಉಪನ್ಯಾಸ, ಪ್ರಯೋಗಾಲಯ, ಪರೀಕ್ಷೆ, ಪದವಿ ಇವು ವಿಶ್ವವಿದ್ಯಾಲಯದ ಪಾಲು.

ನೋಡಲು ಹೋಗುವವರಿಗೆ ಇದರ ಪರಿಣಾಮ ಬಹಳ ಸರಳ. ಪ್ರತಿ ಕಾಲೇಜಿಗೂ ಬೇರೆ ಸಮಯ, ಬೇರೆ ದರ. ಕ್ರೈಸ್ಟ್ ಚರ್ಚ್ ಎಂಬ ಕಾಲೇಜು ದುಬಾರಿ. ಕೆಲವು ಕಾಲೇಜುಗಳಿಗೆ ಪುಕ್ಕಟೆಯಾಗಿಯೇ ಹೋಗಬಹುದು. ಬಾಗಿಲ ಬಳಿಯ ಕೋಣೆಯಲ್ಲಿ ಪೋರ್ಟರ್ ಇರುತ್ತಾರೆ. ಇವರು ರೈಲ್ವೆ ಸ್ಟೇಷನ್ನಿನ ಕೂಲಿಯಲ್ಲ, ಕಾಲೇಜಿನ ದ್ವಾರಪಾಲಕರು. ಅವರು ಇಲ್ಲವೆಂದರೆ ಇಲ್ಲ. ಮೇ, ಜೂನ್ ತಿಂಗಳಲ್ಲಿ ಪರೀಕ್ಷೆಯ ಕಾರಣಕ್ಕೆ ಹಲವು ಬಾಗಿಲುಗಳು ಮುಚ್ಚಿರುತ್ತವೆ. ಕರಿಯ ಗೌನು ತೊಟ್ಟ ಹುಡುಗರ ಎದೆಯ ಮೇಲಿನ ಕಾರ್ನೇಷನ್ ಹೂವನ್ನು ಆಗ ಗಮನಿಸಿ: ಮೊದಲ ಪತ್ರಿಕೆಗೆ ಬಿಳಿ, ನಡುವಿನವಕ್ಕೆ ಗುಲಾಬಿ ಬಣ್ಣ, ಕೊನೆಯದಕ್ಕೆ ಕೆಂಪು.

ನಮ್ಮ ಪರಿಚಯದ ಹುಡುಗನೊಬ್ಬ ಇದೇ ಹಟದಲ್ಲಿ ಬಸ್ಸು ಹಿಡಿದು ಹೆಡಿಂಗ್ಟನ್‌ಗೆ ಹೋಗಿ, ಕ್ಯಾಂಪಸ್ಸು, ಹೆಸರಿನ ಬೋರ್ಡು ಎಲ್ಲವೂ ಸಿಕ್ಕಿತೆಂಬ ಸಂತೋಷದಲ್ಲಿ ಫೋಟೊ ತೆಗೆಸಿಕೊಂಡು ಮನೆಯವರಿಗೆಲ್ಲ ಕಳಿಸಿದ. ಅದು ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯ. ಹಿಂದೆ ಪಾಲಿಟೆಕ್ನಿಕ್ ಆಗಿದ್ದು 1992ರಲ್ಲಿ ವಿಶ್ವವಿದ್ಯಾಲಯವಾದ ಒಳ್ಳೆಯ ಸಂಸ್ಥೆಯೇ ಸರಿ, ಆದರೆ ಅವನು ಹುಡುಕುತ್ತಿದ್ದುದು ಅದನ್ನಲ್ಲ.

ವಿಶ್ವವಿದ್ಯಾಲಯವನ್ನು ಕಣ್ಣಿಂದ ನೋಡಲೇಬೇಕು ಎನ್ನುವವರನ್ನು ನಾನು ಹೈ ಸ್ಟ್ರೀಟಿನ ಸೇಂಟ್ ಮೇರಿ ಚರ್ಚಿಗೆ ಕಳಿಸುತ್ತೇನೆ. ಸ್ವಂತ ಕಟ್ಟಡವಿಲ್ಲದ ಕಾಲದಲ್ಲಿ ವಿಶ್ವವಿದ್ಯಾಲಯದ ಸಭೆಗಳು ನಡೆಯುತ್ತಿದ್ದುದು ಇಲ್ಲಿ. 1320ರ ದಶಕದಲ್ಲಿ ಸಭೆಗೊಂದು ಕೋಣೆ, ಪುಸ್ತಕಗಳಿಗೆ ಅದರ ಮೇಲೊಂದು ಕೋಣೆ ಕಟ್ಟಿದ್ದೂ ಇದರ ಪಕ್ಕದಲ್ಲೇ. ಟಿಕೆಟ್ ಕೊಂಡು ಗೋಪುರದ 127 ಮೆಟ್ಟಿಲು ಹತ್ತಿದರೆ, ಗೋಡೆಯೊಳಗೆ ಹುಲ್ಲುಹಾಸು, ಅದರಾಚೆ ಮತ್ತೊಂದು ಗೋಡೆ, ಮತ್ತೊಂದು ಹುಲ್ಲುಹಾಸು ಎಂದು ಊರು ತೊಟ್ಟಿಮನೆಗಳ ಸಾಲಿನಂತೆ ಹಾಸಿಕೊಂಡಿರುತ್ತದೆ. ಎದುರಿಗೇ ಕಾಣುವ ದುಂಡನೆಯ ರ‍್ಯಾಡ್‌ಕ್ಲಿಫ್ ಕ್ಯಾಮರಾ ಬಾಡ್ಲಿಯನ್ ಗ್ರಂಥಾಲಯದ ಓದುಕೋಣೆ. ಲ್ಯಾಟಿನ್ನಿನಲ್ಲಿ ಕ್ಯಾಮರಾ ಎಂದರೆ ಕೋಣೆ. ಫೋಟೊಗೂ ಅದಕ್ಕೂ ಸಂಬಂಧವಿಲ್ಲ.

ಇದೇ ಗೊಂದಲ ನಮ್ಮ ಬರಹಗಳಿಗೂ ಅಂಟಿದೆ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಬಂದು ಸೇರಿದ್ದು, ಮ್ಯಾಗ್ಡಲೆನ್ ಎಂದು ಬರೆದು ಮಾಡ್ಲಿನ್ ಎಂದು ನುಡಿಯುವ ಕಾಲೇಜಿಗೆ. ಅವರು ಅಧ್ಯಕ್ಷರಾಗಿದ್ದ ಆಕ್ಸ್‌ಫರ್ಡ್ ಯೂನಿಯನ್ನನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವೆಂದು ಬರೆಯುವವರಿದ್ದಾರೆ. ಅದು 1823ರಲ್ಲಿ ಹುಟ್ಟಿದ ಚರ್ಚಾಕೂಟ, ವಿಶ್ವವಿದ್ಯಾಲಯದ ಅಂಗವಲ್ಲ.

ಯಾರೂ ಕೇಳದಿದ್ದರೂ ಹೇಳಬೇಕಾದದ್ದು ಒಂದಿದೆ. ಸಂಜೆಯ ರೈಲಿಗೆ ಓಡಬೇಡಿ. ರಾತ್ರಿ ಒಂಬತ್ತಕ್ಕೆ ಕ್ರೈಸ್ಟ್ ಚರ್ಚಿನ ಟಾಮ್ ಟವರ್ ಎದುರು ನಿಂತಿರಿ. 9 ಗಂಟೆ 5 ನಿಮಿಷಕ್ಕೆ ಅಲ್ಲಿನ ದೊಡ್ಡ ಗಂಟೆ 101 ಸಲ ಬಾರಿಸುತ್ತದೆ. ಆ ಐದು ನಿಮಿಷ ತಪ್ಪಿನದಲ್ಲ. ಆಕ್ಸ್‌ಫರ್ಡ್ ಇರುವುದು ಗ್ರೀನಿಚ್‌ನಿಂದ ಒಂದೂಕಾಲು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ಐದು ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಇದೇ ಲೆಕ್ಕದಲ್ಲಿ ಬೆಂಗಳೂರಿನ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ. ದೇಶವೆಲ್ಲ ಗ್ರೀನಿಚ್ ಸಮಯಕ್ಕೆ ಒಗ್ಗಿದರೂ ಈ ಗಂಟೆ ಮಾತ್ರ ಊರಿನ ಹಳೆಯ ಒಂಬತ್ತನ್ನು ಬಿಟ್ಟುಕೊಟ್ಟಿಲ್ಲ. 101 ಎಂಬುದು ಕಾಲೇಜಿನ ಮೊದಲ ನೂರು ವಿದ್ಯಾರ್ಥಿಗಳ ಮತ್ತು ಆಮೇಲೆ ಸೇರಿದ ಒಬ್ಬನ ಲೆಕ್ಕ. ಹಿಂದೆ ಅದು ಹೊರಗಿದ್ದ ಹುಡುಗರನ್ನು ಒಳಕ್ಕೆ ಕರೆದು ಗೇಟು ಹಾಕುವ ಸೂಚನೆಯಾಗಿತ್ತು; ಕಾಲೇಜಿನ ಗೇಟು, ವಿಶ್ವವಿದ್ಯಾಲಯದ್ದಲ್ಲ.